ಬೆಳಗಾವಿಗೊಂದು ಕಾಲ್ಪನಿಕ ಮೆಟ್ರೋ ನಕ್ಷೆ: ಬೇರೆ ಊರಿನ ನಕ್ಷೆಯಲ್ಲಿ ಹೆಸರು ಬದಲಿಸಿದರೆ ಅದು ನನ್ನದಾಗುತ್ತದೆಯೇ?

ಮೂರನೇ ಗೇಟ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕಟ್ಟಡಗಳ ಪ್ಲಾನ್ ಬಿಡಿಸುವ ಕೆಲಸದವನು, ಮನೆ ಅನಗೋಳದಲ್ಲಿ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಕಂಪ್ಯೂಟರಿನ ಮುಂದೆ ಕುಳಿತು, ಎಲ್ಲಿಯೂ ಇಲ್ಲದ ರೈಲು ಮಾರ್ಗಗಳ ನಕ್ಷೆ ಬಿಡಿಸುವುದು ನನ್ನ ಹವ್ಯಾಸ. ಕಳೆದ ದೀಪಾವಳಿಯ ರಜೆಯಲ್ಲಿ, ನಮ್ಮ ಬೆಳಗಾವಿಗೇ ಒಂದು ಮೆಟ್ರೋ ಇದ್ದಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಿಕೊಂಡು ಒಂದು ನಕ್ಷೆ ಸಿದ್ಧಪಡಿಸಿದೆ. ಅದರ ವ್ಯವಹಾರ ಈಗ ನಾನು ಎಣಿಸಿದ್ದಕ್ಕಿಂತ ದೂರ ಹೋಗಿದೆ.

ಮಾಡಿದ ರೀತಿಯನ್ನು ಮುಚ್ಚಿಡದೆ ಹೇಳುತ್ತೇನೆ. ಹೊರದೇಶದ ಒಂದು ದೊಡ್ಡ ನಗರದ ಮೆಟ್ರೋ ಸಂಸ್ಥೆ ತನ್ನ ಜಾಲತಾಣದಲ್ಲಿ ಇಟ್ಟಿರುವ ನಕ್ಷೆಯ ಪಿಡಿಎಫ್ ಇಳಿಸಿಕೊಂಡು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ತೆರೆದೆ. ಅದು ಒಂದೇ ಚಿತ್ರವಾಗಿ ಬರದೆ, ಒಂದೊಂದು ಗೆರೆಯೂ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೈಗೆ ಸಿಗುವಂತೆ ತೆರೆದುಕೊಂಡಿತು. ಆಮೇಲೆ ಕೆಲಸ ಸುಲಭವಾಯಿತು. ಒಂಬತ್ತು ಮಾರ್ಗಗಳಲ್ಲಿ ಐದನ್ನು ಅಳಿಸಿ ನಾಲ್ಕನ್ನು ಉಳಿಸಿಕೊಂಡೆ. ನಿಲ್ದಾಣಗಳ ಹೆಸರುಗಳನ್ನೆಲ್ಲ ತೆಗೆದು ಚನ್ನಮ್ಮ ವೃತ್ತ, ಗೋಗಟೆ ವೃತ್ತ, ಶಹಾಪುರ, ವಡಗಾವಿ, ಉದ್ಯಮಬಾಗ, ಪೀರನವಾಡಿ, ಸಾಂಬ್ರಾ ಎಂದು ನಮ್ಮ ಹೆಸರುಗಳನ್ನು ತುಂಬಿದೆ. ಮೂಲ ನಕ್ಷೆಯ ನಡುವೆ ಅಗಲವಾದ ನೀಲಿ ನದಿಯೊಂದಿತ್ತು. ಅದನ್ನು ಅಳಿಸಲು ಮನಸ್ಸಾಗದೆ "ಬಳ್ಳಾರಿ ನಾಲಾ" ಎಂದು ನಮ್ಮ ಊರಿನ ಹಳ್ಳದ ಹೆಸರಿಟ್ಟೆ. ಮೂಲೆಯಲ್ಲಿದ್ದ ಆ ಸಂಸ್ಥೆಯ ಲಾಂಛನವನ್ನೂ ಹಾಗೆಯೇ ಬಿಟ್ಟು, ಅದರೊಳಗೆ "ಬೆಳಗಾವಿ" ಎಂದು ಬರೆದೆ.

ಇದನ್ನು ನಮ್ಮ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಹಂಚಿಕೊಂಡಾಗ "ಇದು ನನ್ನ ಕಲ್ಪನೆ ಮಾತ್ರ" ಎಂದು ಸಂದೇಶದಲ್ಲಿ ಬರೆದಿದ್ದೆ, ಚಿತ್ರದೊಳಗೆ ಬರೆದಿರಲಿಲ್ಲ. ಚಿತ್ರ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರುತ್ತ ಹೋಯಿತು, ಸಂದೇಶ ಹಿಂದೆಯೇ ಉಳಿಯಿತು. ನಾಲ್ಕು ದಿನಗಳಲ್ಲಿ ಅದು "ಬೆಳಗಾವಿಗೆ ಮೆಟ್ರೋ ಮಂಜೂರು" ಎಂಬ ತಲೆಬರಹ ಹೊತ್ತು ನನಗೇ ಮರಳಿ ಬಂತು. ಕಣಬರಗಿಯಲ್ಲಿ ಪ್ಲಾಟ್ ತೆಗೆದುಕೊಂಡಿರುವ ನಮ್ಮ ಕಾಕಾ ಅವರು ಫೋನ್ ಮಾಡಿ, ತಮ್ಮ ಪ್ಲಾಟಿನ ಹತ್ತಿರದ ನಿಲ್ದಾಣ ಯಾವ ವರ್ಷ ಆರಂಭವಾಗುತ್ತದೆ ಎಂದು ವಿಚಾರಿಸಿದರು. ಅವರಿಗೆ ತಿಳಿಹೇಳುವುದರಲ್ಲಿ ಅರ್ಧ ಗಂಟೆ ಹೋಯಿತು, ಅವರು ಪೂರ್ತಿ ನಂಬಿದಂತೆಯೂ ಕಾಣಲಿಲ್ಲ.

ಈಗ ಪುಸ್ತಕ ಮತ್ತು ಸ್ಟೇಶನರಿ ಅಂಗಡಿಯ ಪರಿಚಯದವರೊಬ್ಬರು ಇದನ್ನು ಗೋಡೆ ಕ್ಯಾಲೆಂಡರ್ ಆಗಿ 300 ಪ್ರತಿ ಅಚ್ಚು ಹಾಕಿಸಿ ಮಾರೋಣ ಎನ್ನುತ್ತಿದ್ದಾರೆ. ಒಂದು ಹೆಸರೂ ಮೂಲದ್ದಲ್ಲ, ಮಾರ್ಗಗಳೂ ಅರ್ಧಕ್ಕಿಂತ ಹೆಚ್ಚು ಹೋಗಿವೆ; ಹೀಗಿರುವಾಗ ಇದನ್ನು ನನ್ನ ಕೃತಿ ಎಂದು ಕರೆಯಬಹುದೇ? ಮಾರದೆ ಹವ್ಯಾಸಕ್ಕಾಗಿ ಮಾತ್ರ ಇಟ್ಟುಕೊಂಡರೆ ಉತ್ತರ ಬೇರೆಯಾಗುತ್ತದೆಯೇ? ಹೊಸದಾಗಿಯೇ ಬಿಡಿಸಬೇಕೆಂದರೆ, ಊರಿನ ನೆಲದ ಆಕಾರವನ್ನು ಯಾವ ನಕ್ಷೆಯಿಂದ ತೆಗೆದುಕೊಂಡರೆ ತಪ್ಪಾಗುವುದಿಲ್ಲ? ಜೊತೆಗೆ, ಕನ್ನಡದ ಒತ್ತಕ್ಷರಗಳು ಕೆಳಗಿನ ಗೆರೆಗೆ ತಾಗಿ ಓದಲು ಬರುವುದಿಲ್ಲ. ಇದಕ್ಕೆ ಅನುಭವಸ್ಥರು ಏನು ಮಾಡುತ್ತೀರಿ?

ಖಡೇಬಜಾರ ಡಿಟಿಪಿ

ಅಣ್ಣನವರೇ, ಕಾಯಿದೆಯ ಮಾತನ್ನು ತಿಳಿದವರು ಹೇಳಲಿ. ಹದಿನೈದು ವರ್ಷಗಳಿಂದ ಲಗ್ನಪತ್ರಿಕೆ, ಕರಪತ್ರ, ನಕ್ಷೆ ಎಲ್ಲವನ್ನೂ ಅಚ್ಚಿಗೆ ಸಿದ್ಧಪಡಿಸುತ್ತಿರುವವಳಾಗಿ, ನಿಮ್ಮ ನಕ್ಷೆಯಲ್ಲಿ ಮೊದಲು ಕಣ್ಣಿಗೆ ಹೊಡೆಯುವುದು ಆ ನದಿ ಎಂದು ಹೇಳಬಲ್ಲೆ. ನಮ್ಮ ಊರಿನ ನಡುವೆ ನದಿಯೇ ಇಲ್ಲ. ಮಾರ್ಕಂಡೇಯ ಹರಿಯುವುದು ಉತ್ತರಕ್ಕೆ, ಕಾಕತಿಯ ಕಡೆ. ಬಳ್ಳಾರಿ ನಾಲಾವನ್ನು ಹಡಗು ಹೋಗುವಷ್ಟು ಅಗಲ ಮಾಡಿದರೆ, ಮಳೆಗಾಲದಲ್ಲಿ ಅದರ ದಂಡೆಯ ಹೊಲಗಳಿಗೆ ನೀರು ನುಗ್ಗುವುದನ್ನು ಕಂಡವರು ನಗುವುದಿಲ್ಲ, ಸಿಟ್ಟಾಗುತ್ತಾರೆ. ಮೂಲ ಊರಿನ ಮಾರ್ಗಗಳು ಆ ನದಿಯನ್ನು ದಾಟಲೆಂದು ಬಾಗಿವೆ. ನಮ್ಮಲ್ಲಿ ಅವು ಕಾರಣವಿಲ್ಲದೆ ಬಾಗಿ ನಿಂತಿವೆ. ಬೆಳಗಾವಿಯಲ್ಲಿ ಮಾರ್ಗ ಬಾಗಬೇಕಾದದ್ದು ಪೂರ್ವಕ್ಕೆ ಕೋಟೆ, ಪಶ್ಚಿಮಕ್ಕೆ ಸೇನೆಯ ಕ್ಯಾಂಪ್ ಪ್ರದೇಶ, ನಡುವೆ ಗಣಪತ ಗಲ್ಲಿಯಂಥ ಇಕ್ಕಟ್ಟಿನ ಪೇಟೆ ಮತ್ತು ಊರನ್ನು ಸೀಳಿಕೊಂಡು ಹೋಗುವ ರೈಲು ಹಳಿಗಾಗಿ. ಆದ್ದರಿಂದ ಕಾಯಿದೆ ಬಿಟ್ಟರೂ, ಈ ನಕ್ಷೆಯನ್ನು ಹೊಸದಾಗಿ ಬಿಡಿಸುವುದೇ ಮೇಲು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಇಂಕ್‌ಸ್ಕೇಪ್‌ನಲ್ಲಿ ಮೂರು ಪದರಗಳನ್ನು ಮಾಡಿಕೊಳ್ಳಿ. ಕೆಳಗಿನ ಪದರದಲ್ಲಿ, ಜನರೇ ಸೇರಿ ಸಿದ್ಧಪಡಿಸುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತೆಗೆದ ಊರಿನ ನಕ್ಷೆಯನ್ನು ಇಟ್ಟು, ತೆಳುವಾಗಿಸಿ, ಬೀಗ ಹಾಕಿ. ಅದರ ಮೇಲೆ ಮಾರ್ಗಗಳು, ಅದಕ್ಕೂ ಮೇಲೆ ಹೆಸರುಗಳು. ಚೌಕುಳಿ ಗೆರೆಗಳನ್ನು ಆನ್ ಮಾಡಿ. ಗೆರೆ ಎಳೆಯುವಾಗ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದರೆ ಅದು 15 ಡಿಗ್ರಿಯ ಹೆಜ್ಜೆಗಳಲ್ಲಿ ಮಾತ್ರ ತಿರುಗುತ್ತದೆ, ಮೂರನೆಯ ಹೆಜ್ಜೆಗೆ ಮೆಟ್ರೋ ನಕ್ಷೆಯ ಓರೆ ಗೆರೆಗೆ ಬೇಕಾದ 45 ಸಿಗುತ್ತದೆ. ಮೂಲೆಗಳನ್ನು ಕೈಯಿಂದ ಬಾಗಿಸಲು ಹೋಗಬೇಡಿ. ಚೂಪಾಗಿಯೇ ಬಿಟ್ಟು, ಕೊನೆಗೆ "ಕಾರ್ನರ್ಸ್" ಎಂಬ ಪಾತ್ ಎಫೆಕ್ಟ್‌ನಿಂದ ಎಲ್ಲಕ್ಕೂ ಒಂದೇ ಅಳತೆಯ ಬಾಗು ಕೊಡಿ. ಎರಡು ಮಾರ್ಗಗಳು ಅಕ್ಕಪಕ್ಕ ಓಡುವ ಕಡೆ ಮಾತ್ರ ಈ ಒಂದೇ ಅಳತೆ ನಡೆಯುವುದಿಲ್ಲ. ಗೆರೆಯ ದಪ್ಪ 4 ಮಿಲಿಮೀಟರ್ ಆಗಿದ್ದು ಒಳಗಿನ ಬಾಗಿನ ತ್ರಿಜ್ಯ 8 ಆಗಿದ್ದರೆ ಹೊರಗಿನದು 12 ಆಗಬೇಕು. ಇಲ್ಲವಾದರೆ ತಿರುವಿನಲ್ಲಿ ಎರಡರ ನಡುವೆ ಬಿಳಿ ಸಂದು ಬಾಯಿ ತೆರೆಯುತ್ತದೆ, ಕ್ಯಾಲೆಂಡರಿನಲ್ಲಿ ಅದು ಹರಿದಂತೆ ಕಾಣುತ್ತದೆ.

ಅಕ್ಷರದ ವಿಷಯ. ಇಂಗ್ಲಿಷ್ ನಕ್ಷೆಗಳಲ್ಲಿ ಹೆಸರುಗಳನ್ನು ಓರೆಯಾಗಿ ಬರೆಯುವ ರೂಢಿಯುಂಟು. ನಮ್ಮ ಲಿಪಿಗೆ ಅದು ಒಗ್ಗುವುದಿಲ್ಲ. "ಚನ್ನಮ್ಮ ವೃತ್ತ" ಎಂಬ ಎರಡು ಪದಗಳಲ್ಲಿಯೇ ಮೂರು ಒತ್ತುಗಳೂ ಒಂದು ವಟ್ರಸುಳಿಯೂ ಕೆಳಗೆ ಜೋತುಬಿದ್ದಿರುತ್ತವೆ, ಓರೆ ಮಾಡಿದೊಡನೆ ಅವು ಪಕ್ಕದ ನಿಲ್ದಾಣದ ಬಿಂದುವಿಗೆ ಮುಟ್ಟುತ್ತವೆ. ಹೆಸರುಗಳನ್ನು ಅಡ್ಡವಾಗಿಯೇ ಇಡಿ, ಎರಡು ಸಾಲಾದರೆ ಸಾಲಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿನ ಹತ್ತಿರ ಇಟ್ಟುಕೊಳ್ಳಿ, ಮತ್ತು ಮಾರ್ಗದ ಮೇಲ್ಬದಿಯಲ್ಲಿ ಬರೆಯುವ ಹೆಸರಿಗೆ ಕೆಳಬದಿಯದಕ್ಕಿಂತ ಹೆಚ್ಚು ಜಾಗ ಬಿಡಿ. "ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ" ಎಂದು ಪೂರ್ತಿ ಬರೆಯುವ ಹಟ ಬೇಡ. "ವಿಟಿಯು" ಎಂದರೆ ಮಚ್ಛೆಯ ಬಸ್ಸು ಹತ್ತುವ ಎಲ್ಲರಿಗೂ ತಿಳಿಯುತ್ತದೆ.

ಅಕ್ಷರಶೈಲಿಗೂ ಒಡೆಯರಿರುತ್ತಾರೆ ಎಂಬುದನ್ನು ನಮ್ಮ ವೃತ್ತಿಯಲ್ಲಿಯೇ ಬಹಳ ಜನ ಮರೆಯುತ್ತಾರೆ. ಆ ಪಿಡಿಎಫ್‌ನಲ್ಲಿ ಅಡಗಿರುವ ಅಕ್ಷರಶೈಲಿಯನ್ನು ಬಳಸಬೇಡಿ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಇವೆರಡೂ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿವೆ. ಮಾರುವ ಕ್ಯಾಲೆಂಡರಿನಲ್ಲಿಯೂ ಬಳಸಬಹುದು, ಅಕ್ಷರಶೈಲಿಯನ್ನೇ ಪ್ರತ್ಯೇಕ ಸರಕಾಗಿ ಮಾರುವಂತಿಲ್ಲ, ಅಷ್ಟೇ. ನಿಲ್ದಾಣಗಳಿಗೆ ನೋಟೋ, ತಲೆಬರಹಕ್ಕೆ ಬಲೂ ತಮ್ಮ ಚೆನ್ನಾಗಿ ಕೂರುತ್ತದೆ. ಅಚ್ಚಿಗೆ ಕೊಡುವ ಮುನ್ನ ಅಕ್ಷರಗಳನ್ನೆಲ್ಲ ಪಾತ್‌ಗೆ, ಅಂದರೆ ಬರೀ ಗೆರೆಯ ಆಕಾರಕ್ಕೆ ಬದಲಿಸಿ. ಇಲ್ಲದಿದ್ದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಒತ್ತುಗಳು ಕಳಚಿ ಪಕ್ಕಕ್ಕೆ ಬಂದು ಕೂರುತ್ತವೆ. ಆದರೆ ಬದಲಿಸುವ ಮುಂಚಿನ ಒಂದು ಪ್ರತಿಯನ್ನು ತಪ್ಪದೆ ತೆಗೆದಿಡಿ, ಏಕೆಂದರೆ ಕಾಗುಣಿತದ ತಪ್ಪು ಕಾಣುವುದು ಯಾವಾಗಲೂ ಅಚ್ಚಿನ ಪ್ಲೇಟ್ ಆದ ಮೇಲೆಯೇ. ಇಂಕ್‌ಸ್ಕೇಪ್ ಪರದೆಯ ಬಣ್ಣದಲ್ಲಿ ಕೆಲಸ ಮಾಡುತ್ತದೆ, ಪ್ರೆಸ್ಸಿಗೆ ಬೇಕಾದದ್ದು ನಾಲ್ಕು ಶಾಯಿಯ ಬಣ್ಣ. ಕೊನೆಯ ಪಿಡಿಎಫ್ ಅನ್ನು ಸ್ಕ್ರೈಬಸ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಮಾಡಿಕೊಂಡರೆ, ಪರದೆಯ ಮೇಲೆ ಮಿನುಗುವ ಹಸಿರು ಕಾಗದದ ಮೇಲೆ ಮಂಕಾಗುವುದನ್ನು ಮೊದಲೇ ನೋಡಬಹುದು.

ಕರಿಕೋಟು

ಮೇಲಿನ ಅಕ್ಕನವರು ನನ್ನ ಅರ್ಧ ಕೆಲಸವನ್ನು ಮುಗಿಸಿದ್ದಾರೆ. ನಾನು ಇಲ್ಲಿನ ನ್ಯಾಯಾಲಯದಲ್ಲಿ ವಕೀಲಿ ಮಾಡುವವನು. ಇದನ್ನು ಸಲಹಾಪತ್ರವೆಂದು ತಿಳಿಯದೆ, ಪರಿಚಯದವರ ಮಾತೆಂದು ತಿಳಿಯಿರಿ.

1957ರ ಕೃತಿಸ್ವಾಮ್ಯ ಕಾಯಿದೆಯ 2ನೇ ಕಲಮಿನಲ್ಲಿ ಕಲಾಕೃತಿ ಎಂಬುದರ ವ್ಯಾಖ್ಯೆಯೊಳಗೆ ರೇಖಾಚಿತ್ರವೂ, ರೇಖಾಚಿತ್ರದೊಳಗೆ ನಕ್ಷೆಯೂ ಪ್ಲಾನೂ ಹೆಸರಿಸಿಯೇ ಸೇರಿವೆ, ಮತ್ತು ಅದರಲ್ಲಿ ಕಲಾಗುಣವಿದೆಯೋ ಇಲ್ಲವೋ ಎಂಬುದು ಅಲ್ಲಿ ಮುಖ್ಯವಲ್ಲ. ನೋಂದಣಿ ಮಾಡಿಸಿದರೆ ಮಾತ್ರ ಹಕ್ಕು ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬಿಡಿಸಿದ ಕ್ಷಣದಿಂದಲೇ ಹಕ್ಕು ಇರುತ್ತದೆ. ಭಾರತ ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ ಸದಸ್ಯ ದೇಶವಾದ್ದರಿಂದ ಒಪ್ಪಂದದ ಇತರ ದೇಶಗಳ ಕೃತಿಗೂ ಇಲ್ಲಿ ರಕ್ಷಣೆಯುಂಟು. ಇನ್ನು ಅದೇ ಕಲಮಿನಲ್ಲಿ ರೂಪಾಂತರ ಎಂಬುದಕ್ಕೆ ಕೊಟ್ಟಿರುವ ಅರ್ಥದಲ್ಲಿ, ಕೃತಿಯೊಂದನ್ನು ಮರುಜೋಡಿಸಿ ಅಥವಾ ಬದಲಾಯಿಸಿ ಬಳಸುವುದು ಸೇರಿದೆ; ಅಂಥ ರೂಪಾಂತರದ ಹಕ್ಕು ಮೂಲ ಒಡೆಯರದು. ನೀವು ಮಾಡಿದ್ದು ಅಕ್ಷರಶಃ ಇದನ್ನೇ. "ಶೇಕಡಾ ಇಷ್ಟು ಬದಲಿಸಿದರೆ ಸಾಕು" ಎಂಬ ಲೆಕ್ಕ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ.

ಪ್ಲಾನ್ ಬಿಡಿಸುವವರಾದ ನಿಮಗೆ ಇದನ್ನು ತಿಳಿಸುವುದು ಸುಲಭ. ನೀವು ತಿಂಗಳುಗಟ್ಟಲೆ ಕುಳಿತು ಬಿಡಿಸಿದ ಮನೆಯ ಪ್ಲಾನನ್ನು ಇನ್ನೊಬ್ಬರು ತೆಗೆದುಕೊಂಡು, ಒಂದು ಕೋಣೆ ಅಳಿಸಿ, ಬಿಡಿಸಿದವರ ಹೆಸರಿರುವ ಚೌಕವಾದ ಟೈಟಲ್ ಬ್ಲಾಕಿನಲ್ಲಿ ತಮ್ಮ ಹೆಸರು ಹಾಕಿ ಮಹಾನಗರ ಪಾಲಿಕೆಗೆ ಸಲ್ಲಿಸಿದರೆ ನೀವು ಅದನ್ನು ಅವರ ಕೃತಿ ಎನ್ನುತ್ತೀರಾ?

ಆದರೆ ಇದರ ಇನ್ನೊಂದು ಮಗ್ಗುಲಿದೆ, ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದೇ. ಕಾಯಿದೆ ಕಾಯುವುದು ಬಿಡಿಸಿದ ರೂಪವನ್ನು, ಯೋಚನೆಯನ್ನಲ್ಲ. 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ಆರ್.ಜಿ. ಆನಂದ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು: ಒಂದೇ ಯೋಚನೆಯನ್ನು ಇಬ್ಬರು ಬೇರೆ ಬೇರೆ ರೀತಿಯಲ್ಲಿ ಬೆಳೆಸಿದರೆ ಅದು ಉಲ್ಲಂಘನೆಯಲ್ಲ, ನೋಡಿದವರಿಗೆ ಎರಡನೆಯದು ಮೊದಲನೆಯದರ ನಕಲು ಎಂಬ ಭಾವನೆ ನಿಸ್ಸಂದೇಹವಾಗಿ ಮೂಡುತ್ತದೆಯೇ ಎಂಬುದು ಅಲ್ಲಿನ ಮುಖ್ಯ ಒರೆಗಲ್ಲು. ಅಡ್ಡ, ಉದ್ದ, 45 ಡಿಗ್ರಿಯ ಓರೆ ಗೆರೆಗಳಲ್ಲಿ ಊರನ್ನು ಸರಳಗೊಳಿಸಿ, ದೂರದ ಅಳತೆಯನ್ನು ಬದಿಗಿಟ್ಟು, ಮಾರ್ಗಕ್ಕೊಂದು ಬಣ್ಣ ಕೊಡುವ ಕ್ರಮವನ್ನು ಹ್ಯಾರಿ ಬೆಕ್ ಎಂಬ ನಕ್ಷೆಗಾರರು 1931ರಲ್ಲಿ ಲಂಡನ್ ಸುರಂಗ ರೈಲಿಗೆ ರೂಪಿಸಿದರು, 1933ರಲ್ಲಿ ಅದು ಅಚ್ಚಾಗಿ ಜನರ ಕೈಗೆ ಬಂತು. ಅವರೂ ನಿಮ್ಮಂತೆ ಡ್ರಾಫ್ಟ್ಸ್‌ಮನ್ ಆಗಿದ್ದರು, ಬಿಡುವಿನ ವೇಳೆಯಲ್ಲಿಯೇ ಅದನ್ನು ಬಿಡಿಸಿದ್ದರು. ಆ ಕ್ರಮವನ್ನು ಇಂದು ಜಗತ್ತಿನ ಎಷ್ಟೋ ಊರುಗಳು ಅನುಸರಿಸುತ್ತವೆ, ನೀವೂ ಅನುಸರಿಸಬಹುದು. ಲಂಡನ್ನಿನ ನಕ್ಷೆಯನ್ನೇ ಅಥವಾ ಆ ರೈಲಿನ ವೃತ್ತಾಕಾರದ ಲಾಂಛನವನ್ನೇ ಬಳಸಬೇಕೆಂದರೆ ಅಲ್ಲಿನ ಸಾರಿಗೆ ಸಂಸ್ಥೆಯ ಪರವಾನಗಿ ಬೇಕು. ಕ್ರಮ ಎಲ್ಲರದು, ಗೆರೆ ಬಿಡಿಸಿದವರದು.

ಲಾಂಛನದ ಬಗ್ಗೆ ಪ್ರತ್ಯೇಕವಾಗಿ ಒಂದು ಮಾತು. ಅದು ಕೃತಿಸ್ವಾಮ್ಯದ ಜೊತೆಗೆ 1999ರ ಟ್ರೇಡ್ ಮಾರ್ಕ್ ಕಾಯಿದೆಯ ವ್ಯಾಪ್ತಿಗೂ ಬರಬಹುದು. ಕಲಾಕೃತಿಯ ಸ್ವಾಮ್ಯ ನಮ್ಮಲ್ಲಿ ಸಾಮಾನ್ಯವಾಗಿ ಕರ್ತೃವಿನ ಜೀವಿತಕಾಲ ಮತ್ತು ಅನಂತರದ 60 ವರ್ಷಗಳಿಗೆ ಮುಗಿಯುತ್ತದೆ. ಟ್ರೇಡ್ ಮಾರ್ಕನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಎಷ್ಟು ಕಾಲವಾದರೂ ಇಟ್ಟುಕೊಳ್ಳಬಹುದು. ಒಳಗಿನ ಹೆಸರು ಬದಲಿಸಿ ಲಾಂಛನ ಉಳಿಸಿಕೊಳ್ಳುವುದು ಇಡೀ ನಕ್ಷೆಯಲ್ಲಿ ಎಲ್ಲಕ್ಕಿಂತ ಅಪಾಯದ ಭಾಗ. ಮೊದಲು ಅದನ್ನು ತೆಗೆಯಿರಿ.

ಹವ್ಯಾಸದ ಪ್ರಶ್ನೆಗೆ ಬರುತ್ತೇನೆ. 52ನೇ ಕಲಮು ಖಾಸಗಿ ಅಥವಾ ಸ್ವಂತ ಬಳಕೆಗಾಗಿ ನ್ಯಾಯೋಚಿತ ವ್ಯವಹಾರಕ್ಕೆ ಅವಕಾಶ ಕೊಟ್ಟಿದೆ. ಕಲಿಯುವುದಕ್ಕೆಂದು ಆ ಪಿಡಿಎಫ್ ತೆರೆದು, ಗೆರೆಗಳನ್ನು ಬಿಚ್ಚಿ ನೋಡಿ, ನಿಮ್ಮ ಕಂಪ್ಯೂಟರಿನಲ್ಲಿಯೇ ಇಟ್ಟುಕೊಂಡಿದ್ದರೆ ನಾನು ಚಿಂತಿಸುತ್ತಿರಲಿಲ್ಲ. ಊರೆಲ್ಲ ಸುತ್ತಿ ಬಂದ ವಾಟ್ಸಾಪ್ ಚಿತ್ರವನ್ನು ಖಾಸಗಿ ಎನ್ನುವುದು ಕಷ್ಟ, ಮಾರುವ ಕ್ಯಾಲೆಂಡರನ್ನು ಹಾಗೆನ್ನುವುದು ಸಾಧ್ಯವೇ ಇಲ್ಲ.

ನೆಲದ ಆಕಾರಕ್ಕೆ ಅಕ್ಕನವರು ಸೂಚಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಸರಿಯಾದ ಆಯ್ಕೆ. ಅದರ ದತ್ತಾಂಶ 2012ರಿಂದ ಓಪನ್ ಡೇಟಾಬೇಸ್ ಲೈಸೆನ್ಸ್ ಅಡಿಯಲ್ಲಿದೆ. ವ್ಯಾಪಾರದ ಬಳಕೆಗೂ ಅಡ್ಡಿಯಿಲ್ಲ, ಆದರೆ "ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು" ಎಂಬ ಮನ್ನಣೆಯ ಸಾಲು ನಕ್ಷೆಯ ಮೇಲೆ ಇರಬೇಕು. ಹಿನ್ನೆಲೆಯ ಪದರವನ್ನು ಕೊನೆಗೆ ಅಳಿಸಿದರೂ, ಅದರ ಮೇಲೆ ಗೆರೆ ಎಳೆದಿರುವುದರಿಂದ ಈ ಸಾಲನ್ನು ಬಿಡಬೇಡಿ. ಗೂಗಲ್ ನಕ್ಷೆಯ ಮೇಲೆ ಕಾಗದ ಇಟ್ಟಂತೆ ಎಳೆಯಬೇಡಿ, ಅದರ ಷರತ್ತುಗಳು ಬೇರೆ. ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಗಳ ಸಂಗ್ರಹದಲ್ಲಿಯೂ ಮೆಟ್ರೋ ನಕ್ಷೆಗಳು ಸಿಗುತ್ತವೆ, ಆದರೆ ಪ್ರತಿ ಕಡತದ ಪುಟದಲ್ಲಿ ಅದರದೇ ಲೈಸೆನ್ಸ್ ಬರೆದಿರುತ್ತದೆ. ಕ್ರಿಯೇಟಿವ್ ಕಾಮನ್ಸ್‌ನ "ಶೇರ್ ಅಲೈಕ್" ಷರತ್ತು ಇದ್ದರೆ ಮೂಲ ಕರ್ತೃವನ್ನು ಹೆಸರಿಸಿ, ಏನು ಬದಲಿಸಿದ್ದೀರಿ ಎಂದು ತಿಳಿಸಿ, ನಿಮ್ಮ ನಕ್ಷೆಯನ್ನೂ ಅದೇ ಲೈಸೆನ್ಸ್ ಅಡಿಯಲ್ಲಿ ಹೊರಗಿಡಬೇಕಾಗುತ್ತದೆ. ಆಗ ಎದುರಿನ ಅಂಗಡಿಯವರು ನಿಮ್ಮ ಕ್ಯಾಲೆಂಡರನ್ನು ಮರುಮುದ್ರಿಸಿದರೆ ನೀವು ತಡೆಯುವಂತಿಲ್ಲ.

ಸಾಂಬ್ರಾ ಪ್ಯಾಸೆಂಜರ್

ಕ್ಷಮಿಸಿ, ಇದೆಲ್ಲ ಸ್ವಲ್ಪ ಅತಿಯಾಯಿತು ಎನಿಸುತ್ತದೆ. ಬೆಳಗಾವಿಯ 300 ಕ್ಯಾಲೆಂಡರಿಗಾಗಿ ಸಮುದ್ರದಾಚೆಯಿಂದ ಯಾರು ನೋಟಿಸ್ ಕಳಿಸುತ್ತಾರೆ? ಜಗತ್ತಿನ ಹವ್ಯಾಸಿಗಳೆಲ್ಲ ಹೀಗೆಯೇ ಕಲಿತವರು. ಹೊಸದಾಗಿ ಬಿಡಿಸು ಎಂದು ಹೇಳುವುದು ಸುಲಭ; ಕೆಲಸ ಮುಗಿಸಿ ಬಂದು ರಾತ್ರಿ ಒಂದು ಗಂಟೆ ಕೂರುವ ಮನುಷ್ಯನಿಗೆ ಅದು ಮೂರು ತಿಂಗಳ ದುಡಿಮೆ.

ಕರಿಕೋಟು

ನೋಟಿಸ್ ಬರಲಿಕ್ಕಿಲ್ಲ ಎಂಬ ನಿಮ್ಮ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಅವರು ಕೇಳಿದ್ದು "ಸಿಕ್ಕಿಬೀಳುತ್ತೇನೆಯೇ" ಎಂದಲ್ಲ, "ಇದು ನನ್ನದಾಗುತ್ತದೆಯೇ" ಎಂದು. ಇಂದಿನ ನಕ್ಷೆಯ ಕೆಳಗೆ ಅವರು ತಮ್ಮ ಹೆಸರು ಹಾಕಿಕೊಂಡರೆ, ನಾಳೆ ಇನ್ನೊಬ್ಬರು ಆ ಹೆಸರನ್ನು ಅಳಿಸಿದಾಗ ಇವರ ಕೈಯಲ್ಲಿ ಮಾತೇ ಇರುವುದಿಲ್ಲ. ಕಲಿಯುವುದಕ್ಕೆ ನಕಲು ಮಾಡುವುದು ಹಳೆಯ ಪದ್ಧತಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆ ನಕಲು ಅಂಗಡಿಗೆ ಹೋಗುವುದಕ್ಕೆ ಮಾತ್ರ ಆಕ್ಷೇಪ. ಅಷ್ಟೊಂದು ಮೆಚ್ಚುಗೆಯಾಗಿದ್ದರೆ ಆ ಸಂಸ್ಥೆಗೆ ಒಂದು ಪತ್ರ ಬರೆದು ಅನುಮತಿ ಕೇಳಬಹುದು.

ಮೂರನೇ ಗೇಟ್

ಎಲ್ಲರಿಗೂ ಧನ್ಯವಾದಗಳು. ಟೈಟಲ್ ಬ್ಲಾಕಿನ ಮಾತು ನೇರವಾಗಿ ನಾಟಿತು. ನನ್ನದೇ ಪ್ಲಾನಿಗೆ ಒಮ್ಮೆ ಹಾಗಾಗಿತ್ತು, ಅಂದು ಎಷ್ಟು ಕುದಿದಿದ್ದೆ ಎಂಬುದು ನೆನಪಾಯಿತು. ಅಂಗಡಿಯವರಿಗೆ ಈ ವರ್ಷ ಬೇಡವೆಂದು ತಿಳಿಸಿ, ಹಳೆಯ ಕಡತವನ್ನು ಕಲಿಕೆಯ ಫೋಲ್ಡರಿಗೆ ಹಾಕಿದ್ದೇನೆ.

ಕಳೆದ ಮೂರು ವಾರಗಳಲ್ಲಿ ಖಾಲಿ ಪುಟದಿಂದ ಆರಂಭಿಸಿ ಎರಡು ಮಾರ್ಗಗಳು ಬಂದಿವೆ. ಒಂದು ಕಾಕತಿಯಿಂದ ಹೊರಟು ಚನ್ನಮ್ಮ ವೃತ್ತ, ಗೋಗಟೆ ವೃತ್ತ, ತಿಲಕವಾಡಿ, ಉದ್ಯಮಬಾಗ, ಪೀರನವಾಡಿಗಳ ಮೂಲಕ ವಿಟಿಯು ತಲುಪುತ್ತದೆ. ಇನ್ನೊಂದು ಹಿಂಡಲಗಾದಿಂದ ಚನ್ನಮ್ಮ ವೃತ್ತಕ್ಕೆ ಬಂದು, ಕೋಟೆಯನ್ನು ಬಳಸಿಕೊಂಡು ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಕೋಟೆಯ ಹತ್ತಿರ ಗೆರೆ ತಾನಾಗಿಯೇ ಬಾಗಿತು. ಸಾಂಬ್ರಾ ಪ್ಯಾಸೆಂಜರ್ ಅವರು ಹೇಳಿದಂತೆ ಇದು ಮೂರು ತಿಂಗಳ ದುಡಿಮೆಯೇ ಆಗುವಂತಿದೆ, ಆದರೆ ಮಾರ್ಗವನ್ನು ಎಲ್ಲಿ ತಿರುಗಿಸಬೇಕೆಂದು ತಿಳಿಯಲು ಭಾನುವಾರ ಸೈಕಲ್ ಮೇಲೆ ಖಾನಾಪುರ ರಸ್ತೆಯುದ್ದಕ್ಕೂ ಹೋಗಿ ಬಂದದ್ದು ಈ ಹವ್ಯಾಸದಲ್ಲಿ ನಾನು ಇದುವರೆಗೆ ಮಾಡದ ಕೆಲಸ. ನಿಲ್ದಾಣಗಳಿಗೆ "ಎರಡನೇ ಗೇಟ್", "ಮೂರನೇ ಗೇಟ್" ಎಂದು ಜನ ಕರೆಯುವ ಹೆಸರುಗಳನ್ನೇ ಇಟ್ಟಿದ್ದೇನೆ.

ಒಳಬಾಗು 8, ಹೊರಬಾಗು 12 ಎಂಬ ಲೆಕ್ಕ ಸರಿಯಾಗಿ ಕೂತಿದೆ, ಅಕ್ಕನವರೇ. ಲಾಂಛನದ ಜಾಗದಲ್ಲಿ ಸದ್ಯಕ್ಕೆ ಏನೂ ಇಲ್ಲ. ಕೆಳಗೆ ಮನ್ನಣೆಯ ಸಾಲಿದೆ, ಮತ್ತು "ಕಾಲ್ಪನಿಕ ನಕ್ಷೆ, ಇಂಥ ಯೋಜನೆ ಇಲ್ಲ" ಎಂಬ ಮಾತನ್ನು ಕತ್ತರಿಸಲಾಗದಂತೆ ಎರಡು ಮಾರ್ಗಗಳು ಕೂಡುವ ಚನ್ನಮ್ಮ ವೃತ್ತದ ಪಕ್ಕದಲ್ಲಿಯೇ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಮೊದಲ ಕರಡನ್ನು ಕಣಬರಗಿಯ ಕಾಕಾ ಅವರಿಗೆ ತೋರಿಸಿದೆ. ಅವರು ಆ ಸಾಲನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಹೇಗಿದ್ದರೂ ಕಾಲ್ಪನಿಕವೇ ಆದ ಮೇಲೆ ಒಂದು ಮಾರ್ಗವನ್ನು ಮಹಾಂತೇಶ ನಗರದ ಮೇಲಿಂದ ಕಣಬರಗಿಯವರೆಗೆ ಎಳೆಯಲು ನಿನಗೇನು ಕಷ್ಟ ಎಂದು ಕೇಳಿದರು. ಮೂರನೆಯ ಮಾರ್ಗವನ್ನು ಈ ವಾರ ಆರಂಭಿಸುತ್ತಿದ್ದೇನೆ.